ಬೆನ್ನ ಮೇಲಿನ ಆಂಜನೇಯ

ನನ್ನ ಬೆನ್ನ ಮೇಲೆ ಆಂಜನೇಯ ಇದ್ದಾನೆ. ಕತ್ತಿನ ಬುಡದಿಂದ ಸೊಂಟದವರೆಗೆ. ಒಂದು ಕೈಯಲ್ಲಿ ಬೆಟ್ಟ, ಇನ್ನೊಂದು ಕೈಯಲ್ಲಿ ಗದೆ, ಬಾಲ ಎಡಗಡೆ ಪಕ್ಕೆಯವರೆಗೂ ಸುತ್ತಿಕೊಂಡು ಬಂದಿದೆ. ನಾನು ಅವನನ್ನು ಇವತ್ತಿನವರೆಗೂ ನೇರವಾಗಿ ನೋಡಿಲ್ಲ. ಕನ್ನಡಿಯಲ್ಲಿ ನೋಡಿದ್ದೇನೆ, ಫೋನಿನ ಫೋಟೊದಲ್ಲಿ ನೋಡಿದ್ದೇನೆ. ನೋಡಿದವರೆಲ್ಲ ಚೆನ್ನಾಗಿದೆ ಅನ್ನುತ್ತಾರೆ. ಚೆನ್ನಾಗೇ ಇದೆ. ತೊಂದರೆ ಅದಲ್ಲ.

ಹಚ್ಚೆ ಹಾಕಿಸಿಕೊಳ್ಳಬೇಕು ಅನ್ನುವ ಹುಡುಗರು ಈಗಲೂ ನನ್ನ ಹತ್ತಿರ ಬಂದು ಕೇಳುತ್ತಾರೆ. ಕುಸ್ತಿ ಆಡುವವರು, ಕಿಕ್ ಬಾಕ್ಸಿಂಗ್ ಕಲಿಯುವವರು, ಏನೂ ಮಾಡದೆ ಫೋನಿನಲ್ಲಿ ಫೈಟ್ ನೋಡಿಕೊಂಡು ಕೂರುವವರು. ಏನು ಹಾಕಿಸಲಿ, ಎಲ್ಲಿ ಹಾಕಿಸಲಿ ಅಂತ. ನನಗೆ ಆದದ್ದನ್ನು ಅವರಿಗೆ ಹೇಳುತ್ತೇನೆ. ಅರ್ಧ ಕೇಳಿಸಿಕೊಂಡು ನಗುತ್ತಾರೆ. ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ. ನಾನು ಓದಿದ್ದು ಕಡಿಮೆ. ಸುತ್ತಿ ಬಳಸಿ ಬರೆಯಲು ಬರುವುದಿಲ್ಲ.

ನಮ್ಮದು ಕೈಲಾಂಚದ ಕಡೆ. ಹಿಪ್ಪುನೇರಳೆ ಸೊಪ್ಪು ಬೆಳೆಯುತ್ತೇವೆ, ಎರಡು ಸೀಮೆ ಹಸು ಇವೆ. ಬೆಳಿಗ್ಗೆ ರಾಮನಗರದ ರೇಷ್ಮೆ ಗೂಡಿನ ಮಾರ್ಕೆಟ್‌ನಲ್ಲಿ ಗೂಡಿನ ಚೀಲ ಹೊರುವ ಕೆಲಸ. ಸಂಜೆ ಅದೇ ಊರಿನ ಗರಡಿ. ಸ್ಕೂಲಿನಲ್ಲಿ ಯಾವ ಮೇಷ್ಟ್ರಿಗೂ ನಾನು ಬೇಕಾಗಿರಲಿಲ್ಲ. ಗರಡಿಯಲ್ಲಿ ಕುಸ್ತಿ ಕಲಿಸುವ ಉಸ್ತಾದರು ಮೊದಲ ದಿನವೇ ನನ್ನ ಕತ್ತು ಹಿಡಿದು ನೋಡಿ, "ಇದು ಬಗ್ಗೋ ಕತ್ತಲ್ಲ ಬುಡು" ಅಂದಿದ್ದರು. ಆ ಒಂದು ಮಾತಿಗೆ ನಾನು ವರ್ಷಗಟ್ಟಲೆ ದಂಡ ಹೊಡೆದೆ, ಬಸ್ಕಿ ಹೊಡೆದೆ. ನನಗೆ ಸರಿಯಾಗಿ ಬರುತ್ತಿದ್ದ ಕೆಲಸ ಅಂದರೆ ಅದೊಂದೇ.

ಗರಡಿ ಅಂದರೆ ದೊಡ್ಡದೇನೂ ಅಲ್ಲ. ಹಳೇ ಹೆಂಚಿನ ಮನೆ, ತಲೆ ಬಗ್ಗಿಸಿಕೊಂಡು ಹೋಗುವಷ್ಟು ಚಿಕ್ಕ ಬಾಗಿಲು. ಒಳಗೆ ಕೆಂಪು ಮಣ್ಣು ತುಂಬಿದ ಅಖಾಡ, ಅದನ್ನು ಮಟ್ಟಿ ಅನ್ನುತ್ತೇವೆ. ಆ ಮಣ್ಣಿಗೆ ಅರಿಶಿನ, ಎಣ್ಣೆ, ಮಜ್ಜಿಗೆ ಹಾಕಿ ತುಳಿದು ಹದ ಮಾಡಿರುತ್ತೇವೆ. ಗೋಡೆಯ ಗೂಡಿನಲ್ಲಿ ಆಂಜನೇಯನ ಫೋಟೊ. ಇಳಿಯುವ ಮುಂಚೆ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತೇವೆ. ಆಟದ ಕಾನೂನು ಎಲ್ಲರಿಗೂ ಗೊತ್ತು. ಬೆನ್ನು ಮಣ್ಣಿಗೆ ತಾಗಿದರೆ ಸೋತ. ತಾಗಿಸಿದವನು ಗೆದ್ದ. ಅಷ್ಟೇ.

ನನ್ನ ಜೊತೆ ದಿನಾ ಅಭ್ಯಾಸ ಮಾಡುತ್ತಿದ್ದವನು ಚನ್ನಪಟ್ಟಣದ ಹುಡುಗ, ಸಾಬರವನು. ಅವರಪ್ಪನದು ಮರದ ಗೊಂಬೆ ಅಂಗಡಿ, ಇವನು ಹಿಂದುಗಡೆ ಗೊಂಬೆ ಕಡೆಯುವ ಮಿಷನ್ ಮೇಲೆ ಕೂರುತ್ತಿದ್ದ. ಸಂಜೆ ಟ್ರೈನಿಗೆ ಬರುತ್ತಿದ್ದ. ಉಗುರಿನ ಸಂದಿಯಲ್ಲಿ ಯಾವಾಗಲೂ ಅರಗಿನ ಬಣ್ಣ ಇರುತ್ತಿತ್ತು. ನನಗಿಂತ ತೂಕ ಜಾಸ್ತಿ, ನನಗಿಂತ ನಿಧಾನ. ಅವನು ನನ್ನನ್ನು ಎತ್ತಿ ಒಗೆಯುತ್ತಿದ್ದ, ನಾನು ಅವನ ಕಾಲೆಳೆದು ಬೀಳಿಸುತ್ತಿದ್ದೆ. ಹಂಗೆ ಇಬ್ಬರೂ ಕಲಿತೆವು.

ಒಂದು ಸಲ ನನ್ನ ಬಲಗಡೆ ಭುಜ ಜಾರಿತು. ಕೈ ಎತ್ತಲು ಆಗದೆ ಬಹಳ ದಿನ ಮನೆಯಲ್ಲಿ ಕೂತೆ. ಆಗ ಆಂಜನೇಯನಿಗೆ ಹರಕೆ ಹೊತ್ತುಕೊಂಡೆ. ಭುಜ ಸರಿ ಮಾಡು, ನಿನ್ನನ್ನು ಮೈಮೇಲೆ ಬರೆಸಿಕೊಳ್ಳುತ್ತೇನೆ ಅಂತ. ಹರಕೆ ಅರ್ಧ, ಆಸೆ ಅರ್ಧ. ಫೋನಿನಲ್ಲಿ ನೋಡುವ ಫಾರಿನ್ ಫೈಟರ್‌ಗಳಿಗೆಲ್ಲ ಮೈತುಂಬ ಹಚ್ಚೆ ಇರುತ್ತದೆ. ನನಗೂ ಬೇಕು ಅನ್ನಿಸಿತ್ತು. ಭುಜ ಸರಿಹೋಯಿತು. ಉಸ್ತಾದರು ಕರೆದು ಹೇಳಿದರು.

"ಈ ಸಲ ಮಾಗಡೀಲಿ ನಿಂಗೆ ಜೋಡಿ ಕಟ್ಟಿಸ್ತೀನಿ ಕಣ್ಲಾ. ಗೆದ್ರೆ ಮೈಸೂರು ದಸರಾ ಕುಸ್ತಿಗೆ ನಾನೇ ಕರ್ಕಂಡೋಯ್ತೀನಿ. ಸೋತ್ರೆ ಬಸ್‌ಸ್ಟ್ಯಾಂಡಲ್ಲೇ ಬುಟ್ಟು ಬತ್ತೀನಿ, ನಡ್ಕಂಡು ಬಾ."

ಜೋಡಿ ಕಟ್ಟುವುದು ಅಂದರೆ ಯಾರಿಗೆ ಯಾರು ಎದುರಾಳಿ ಅಂತ ಹಿರಿಯರು ಗೊತ್ತು ಮಾಡುವುದು. ನಮ್ಮಂಥ ಸಣ್ಣ ಊರಿನ ಹುಡುಗನಿಗೆ ಅದು ಸುಮ್ಮನೆ ಸಿಗುವುದಿಲ್ಲ. ನಾನು ಅವತ್ತೇ ಹಚ್ಚೆ ಅಂಗಡಿಗೆ ಹೋದೆ. ಹರಕೆ ತೀರಿಸಿಯೇ ಮಾಗಡಿಗೆ ಹೋಗಬೇಕು ಅಂತ.

ಅಂಗಡಿ ರಾಮನಗರದಲ್ಲಿ ಒಂದು ಮೊಬೈಲ್ ರಿಪೇರಿ ಅಂಗಡಿಯ ಮಹಡಿ ಮೇಲೆ. ಹಚ್ಚೆಯವನು ನನಗಿಂತ ಸ್ವಲ್ಪ ದೊಡ್ಡವನು. ಮುಂಚೆ ಬೋರ್ಡು ಬರೆಯುತ್ತಿದ್ದನಂತೆ. ನನ್ನ ಕಿವಿ ನೋಡಿದ. ಮಟ್ಟಿಯಲ್ಲಿ ಉಜ್ಜಿ ಉಜ್ಜಿ ನನ್ನ ಕಿವಿ ಮುದ್ದೆಯಾಗಿದೆ.

"ಫೈಟ್ರಾ?"

"ಕುಸ್ತಿ."

"ಅಂಗಾರೆ ಡ್ರ್ಯಾಗನ್ ಹಾಕ್ತೀನಿ ಕುಂತ್ಕೊ. ಫೈಟ್ರುಗಳಿಗೆ ಅದೇ ಒಪ್ಪೋದು."

"ನಮ್ಮೂರಲ್ಲಿ ಡ್ರ್ಯಾಗನ್ ಎಲ್ಲೈತಣ್ಣ?"

"ಹುಲಿ ಐತಾ? ಅದ್ನ ಎಲ್ರೂ ಹಾಕ್ಸಲ್ವಾ?"

"ಚಿರತೆ ಐತೆ. ನಾಯಿ ಎತ್ಕಂಡೋಯ್ತದೆ."

"ಅಂಗಾರೆ ಚಿರತೆ ಹಾಕ್ತೀನಿ. ಬಾಯಲ್ಲಿ ನಾಯಿನೂ ಮಡಗ್ತೀನಿ, ಅದಕ್ಕೆ ಕಾಸು ಬ್ಯಾಡ."

ಅವನ ಫೋನಿನಲ್ಲಿ ನೂರಾರು ಫೋಟೊ ಇತ್ತು. ಒಂದೊಂದಾಗಿ ತೋರಿಸಿದ. ಹುಲಿ ಮುಖ, ಚೇಳು, ಬಾಕ್ಸಿಂಗ್ ಗ್ಲೌಸು, ಮುಷ್ಟಿ, ಎರಡು ಅಡ್ಡ ಗದೆ, ಸುತ್ತಿಕೊಂಡ ಹಾವು, ಚೈನಾ ಅಕ್ಷರ, ಗಡ್ಡದ ಫೈಟರ್‌ನ ಮುಖ. ಚೈನಾ ಅಕ್ಷರಕ್ಕೆ ಏನು ಅರ್ಥ ಅಂದರೆ ಶಕ್ತಿ ಅಂದ. ನಿನಗೆ ಓದೋಕೆ ಬರುತ್ತಾ ಅಂದರೆ ಇಲ್ಲ ಅಂದ. ಗಡ್ಡದ ಮುಖ ಹಾಕಿಸಿಕೊಂಡವನು ಬಿಡದಿಯ ಕಡೆ ಫ್ಯಾಕ್ಟರಿ ಹುಡುಗನಂತೆ. ಹಾಕಿಸಿಕೊಂಡ ಮೇಲೆ ಆ ಫೈಟರ್ ಎರಡು ಸಲ ಸೋತನಂತೆ. ಈಗ ಆ ಹುಡುಗ ಉದ್ದ ತೋಳಿನ ಅಂಗಿ ಹಾಕಿಕೊಂಡು ಓಡಾಡುತ್ತಾನಂತೆ.

ಫೈಟ್ ಆಡುವವರಿಗೆ ನಾನು ಹೇಳುವುದು ಇಷ್ಟು. ಮುಂಗೈ ಬೇಡ, ಎದುರಿನವನು ಹಿಡಿಯುವುದೇ ಅಲ್ಲಿ, ಗಾಯ ಮಾಯುವ ಮುಂಚೆ ಕಿತ್ತು ಬರುತ್ತದೆ. ಪಕ್ಕೆಯ ಮೇಲೆ ಚುಚ್ಚುವಾಗ ಜೀವ ಹೋಗುತ್ತದೆ. ತೋಳಿನ ಮೇಲೆ ಮುಖ ಹಾಕಿಸಬೇಡಿ, ಸಾಮು ನಿಲ್ಲಿಸಿದ ವರ್ಷ ಮುಖ ಬಾಡಿದ ಬದನೆಕಾಯಿ ಆಗುತ್ತದೆ. ಬದುಕಿರುವವರ ಮುಖ ಬೇಡವೇ ಬೇಡ. ಫೈಟ್ ಬರೀ ನೋಡುವವರಾದರೆ ಏನಾದರೂ ಹಾಕಿಸಿಕೊಳ್ಳಿ, ನಿಮ್ಮನ್ನು ಯಾರೂ ಎತ್ತಿ ಒಗೆಯುವುದಿಲ್ಲ.

ನಾನು ಆಂಜನೇಯ ಅಂದೆ. ಎಲ್ಲಿ ಅಂದ. ಕಾಲಿನ ಮೇಲೆ ದೇವರು ಹಾಕಿಸುವ ಹಾಗಿಲ್ಲ. ತೋಳಿನಲ್ಲಿ ಜಾಗ ಸಾಲದು. ಎದೆಗೆ ಎದುರಿನವನ ತಲೆ ಗುದ್ದುತ್ತದೆ. ಬೆನ್ನು ಅಂದೆ. ಅದನ್ನು ಮನೆಯಲ್ಲೇ ಯೋಚಿಸಿಕೊಂಡು ಹೋಗಿದ್ದೆ. ಬೆನ್ನ ಮೇಲೆ ಅವನಿದ್ದರೆ ನಾನು ಯಾವತ್ತೂ ಬೆನ್ನು ಮಣ್ಣಿಗೆ ಕೊಡುವುದಿಲ್ಲ. ಕೊಡಲು ಮನಸ್ಸೇ ಬರುವುದಿಲ್ಲ. ಗೆಲ್ಲಲೇಬೇಕಾಗುತ್ತದೆ. ಇದು ನನ್ನ ಲೆಕ್ಕ. ಈಗ ಹೇಳಿದರೆ ಪೆದ್ದನ ಮಾತಿನ ಥರ ಕೇಳಿಸುತ್ತದೆ. ಆಗ ಮೈ ಜುಂ ಅಂದಿತ್ತು.

ಹಚ್ಚೆಯವನು ಸುಮಾರು ಸಲ ಕೂರಿಸಿದ. ಚೆನ್ನಾಗಿ ಮಾಡಿದ. ಶುರು ಮಾಡುವಾಗ ಮಿಷನ್‌ಗೆ ಊದುಬತ್ತಿ ಬೆಳಗಿದ. ಮಾಂಸ ತಿಂದಿದ್ದ ದಿನ ಬರಬೇಡ ಅಂದ. ಗಾಯ ಮಾಯುವವರೆಗೆ ಮಣ್ಣಿಗೆ ಇಳಿಯಬೇಡ ಅಂತಲೂ ಹೇಳಿದ. ನಾನು ಭುಜ ಮತ್ತೆ ನೋಯುತ್ತಿದೆ ಅಂತ ಗರಡಿಯಲ್ಲಿ ಹೇಳಿ ಮನೆಯಲ್ಲಿದ್ದೆ. ಎಲ್ಲರಿಗೂ ಒಂದೇ ಸಲ ತೋರಿಸಬೇಕು ಅಂತ ಆಸೆ.

ಮೊದಲು ನೋಡಿದವಳು ಅವ್ವ. ಹಸುವಿಗೆ ಹುಲ್ಲು ಹಾಕಿ ಒಳಗೆ ಬಂದಳು, ನಾನು ಅಂಗಿ ಬಿಚ್ಚಿ ತಿರುಗಿ ನಿಂತೆ. ಕೈ ಮುಗಿದಳು. ಅವಳ ಮುಂಗೈಯಲ್ಲೂ ಹಚ್ಚೆ ಇದೆ, ಚಿಕ್ಕವಳಿದ್ದಾಗ ಊರಿಗೆ ಬಂದ ಹೆಂಗಸು ಚುಚ್ಚಿದ್ದು, ಚುಕ್ಕಿ ರಂಗೋಲಿ. ಸತ್ತಾಗ ಒಡವೆ ಎಲ್ಲ ಬಿಚ್ಚಿಕೊಳ್ಳುತ್ತಾರೆ, ಇದೊಂದು ಜೊತೆಗೆ ಬರುತ್ತೆ ಅನ್ನುತ್ತಾಳೆ. ನನ್ನ ಬೆನ್ನನ್ನು ತುಂಬ ಹೊತ್ತು ನೋಡಿದಳು.

"ಚಂದಾಗಿ ಬರ್ದವ್ನೆ. ಕಣ್ಣು ನಮ್ಮನ್ನೇ ನೋಡ್ದಂಗೈತೆ," ಅಂದಳು. ಆಮೇಲೆ, "ಮಲಿಕಳದು ಎಂಗ್ಲಾ?"

"ಎಂಗೆ ಅಂದ್ರೆ?"

"ದೇವ್ರನ್ನ ಅಡಿಗಾಕ್ಕಂಡು ಮಲಗ್ತೀಯಾ?"

"ಬೋರಲು ಮಲಗ್ತೀನಿ ಬುಡವ್ವ."

"ಮದ್ವೆ ಆದ್ಮೇಲೂನಾ?"

ಅವಳೇ ನಕ್ಕಳು. ನಾನೂ ನಕ್ಕೆ. ಅವತ್ತಿನಿಂದ ಬೋರಲೇ ಮಲಗುತ್ತೇನೆ. ಶನಿವಾರ ಬಾಡು ಬಂದ್ ಆಯಿತು. ಸಾವಿನ ಮನೆಗೆ ಹೋಗಬೇಡ ಅಂದಳು. ಕೋಳಿ ಕುಯ್ಯುವಾಗ ಅಂಗಿ ಹಾಕ್ಕೊ ಅಂದಳು. ಇವೆಲ್ಲ ಸಣ್ಣಪುಟ್ಟದ್ದು, ತಡೆದುಕೊಳ್ಳಬಹುದು.

ಒಂದು ಶನಿವಾರ ಗರಡಿಗೆ ಹೋದೆ. ಪೂಜೆ ಆಗಿತ್ತು. ಅಂಗಿ ಬಿಚ್ಚಿದೆ. ಒಬ್ಬ ಶಿಳ್ಳೆ ಹಾಕಿದ, ಇನ್ನೊಬ್ಬ ಅವನ ತಲೆಗೆ ಬಡಿದ, ದೇವರಿಗೆ ಶಿಳ್ಳೆ ಹಾಕ್ತೀಯೇನ್ಲಾ ಅಂತ. ಎಲ್ಲರೂ ಸುತ್ತ ನಿಂತು ನೋಡಿದರು. ಉಸ್ತಾದರು ಹತ್ತಿರ ಬಂದು ನೋಡಿದರು. ನಾನು ಮಣ್ಣು ಹಣೆಗೆ ಒತ್ತಿಕೊಂಡು ಇಳಿದೆ. ಚನ್ನಪಟ್ಟಣದವನು ಮಟ್ಟಿಯ ಕಟ್ಟೆಯ ಮೇಲೇ ನಿಂತಿದ್ದ.

"ಬಾರ್ಲಾ," ಅಂದೆ.

"ಒಸಿ ತಡಿ."

"ಏನ್ ತಡಿ? ಮೈ ತುಕ್ಕು ಹಿಡಿದೈತೆ ನಂಗೆ."

"ನಿನ್ ಬೆನ್ ಮ್ಯಾಲೆ ಮಂಡಿ ಎಂಗ್ ಇಡ್ಲಿ ನಾನು?"

ನಾನು ನಕ್ಕೆ. ಅವನು ನಗಲಿಲ್ಲ. ಎದುರಾಳಿ ಬೋರಲು ಬಿದ್ದಾಗ ಬೆನ್ನ ಮೇಲೆ ಮಂಡಿ ಊರಿ ಕತ್ತು ತಿರುಗಿಸುವುದು ನಮ್ಮ ಆಟದಲ್ಲಿ ಇದ್ದದ್ದೇ. ಅಂಗಾತ ಬಿದ್ದರೆ ಬೆನ್ನು ಮಣ್ಣಿಗೆ ಒತ್ತಿ ಉಜ್ಜುವುದೂ ಇದ್ದದ್ದೇ. ಇವನ್ನು ಬಿಟ್ಟರೆ ಕುಸ್ತಿಯಲ್ಲಿ ಉಳಿಯುವುದು ಕೈ ಕುಲುಕುವುದು ಮಾತ್ರ.

"ಇಡ್ಲಾ, ನಾನೇ ಇಡು ಅಂತ ಯೋಳ್ತಾ ಇವ್ನಿ."

"ನೀನು ಯೋಳ್ತೀಯ. ನಾನು ನಿಮ್ ದೇವ್ರ ಮ್ಯಾಲೆ ಕಾಲು ಮಡಗಿದ್ದನ್ನ ಒಬ್ಬ ಫೋನಲ್ಲಿ ಹಿಡ್ದು ಬುಟ್ರೆ ಮುಗೀತು. ನಮ್ಮಪ್ಪ ಅಂಗಡಿ ಬಾಗ್ಲು ತೆಗಿಯಂಗಿಲ್ಲ."

"ಇಲ್ಲಿರೋರೆಲ್ಲ ನಮ್ಮೋರೇ ಅಲ್ವೇನ್ಲಾ?"

"ಇಲ್ಲಿರೋರು ನಮ್ಮೋರು ಕಣೋ. ವಿಡಿಯೊ ನೋಡೋರು ನಮ್ಮೋರಾ?"

ಅವನು ಹೇಳಿದ್ದು ನಿಜ ಅಂತ ಎಲ್ಲರಿಗೂ ಗೊತ್ತಿತ್ತು. ನಾನು ಬೇರೆಯವರನ್ನು ಕರೆದೆ. ಅವರೆಲ್ಲ ನಮ್ಮ ಜನವೇ. ಅವರೂ ಇಳಿಯಲಿಲ್ಲ.

"ಅವ್ನೇ ಇಡಲ್ಲ ಅಂದ್ಮ್ಯಾಲೆ ನಾವ್ ಎಂಗಣ್ಣ ಇಡದು? ಬೆಳಿಗ್ಗೆ ಕೈ ಮುಗ್ದು, ಸಾಯಂಕಾಲ ತುಳಿಯಾಕಾಯ್ತದಾ?" ಅಂದ ಅವರಲ್ಲೊಬ್ಬ.

ಕೊನೆಗೆ ಉಸ್ತಾದರು ಪಂಚೆ ಬಿಚ್ಚಿಟ್ಟು ಚಡ್ಡಿಯಲ್ಲಿ ಇಳಿದರು. ಅವರಿಗೆ ವಯಸ್ಸಾಗಿದೆ, ಮಂಡಿ ನೋವಿದೆ. ಆದರೂ ಹಿಡಿತ ಕಬ್ಬಿಣ. ನನ್ನ ಕತ್ತಿಗೆ ಕೈ ಹಾಕಿ, ಕಾಲು ಕೊಟ್ಟು, ಒಂದೇ ಏಟಿಗೆ ಎತ್ತಿದರು. ಗಾಳಿಯಲ್ಲಿದ್ದಾಗ ಖುಷಿಯಾಯಿತು. ಬೆನ್ನು ಮಣ್ಣು ಮುಟ್ಟುವುದಕ್ಕೆ ಸ್ವಲ್ಪ ಮುಂಚೆ ಅವರ ಕೈ ಸಡಿಲವಾಯಿತು. ನನ್ನನ್ನು ಪಕ್ಕಕ್ಕೆ ತಿರುಗಿಸಿ ಮಗುವನ್ನು ಮಲಗಿಸಿದ ಹಾಗೆ ಮಲಗಿಸಿದರು. ಎದ್ದು ಮೈ ಒರೆಸಿಕೊಂಡರು.

"ಆಗಕಿಲ್ಲ ಕಣಪ್ಪ," ಅಂದರು. "ಒಂದ್ ಮಾತು ಕೇಳ್ಬಾರ್ದೇನ್ಲಾ? ತೋಳಿನ ಮ್ಯಾಲೆ ಸಣ್ಣದಾಗಿ ಹಾಕ್ಸಿದ್ರೆ ಬಟ್ಟೆ ಕಟ್ಕಂಡು ಆಡ್ಬೋದಿತ್ತು."

ಅಲ್ಲಿಗೆ ನನಗೆ ಅರ್ಥವಾಯಿತು. ಪಂದ್ಯದಲ್ಲಿ ಬೆನ್ನು ತಾಗಬಾರದು, ಸರಿ. ಅಭ್ಯಾಸದಲ್ಲಿ ದಿನಾ ತಾಗುತ್ತದೆ. ತಾಗದೆ ಯಾರೂ ಕಲಿತವರಿಲ್ಲ. ನಾನು ಗೆಲ್ಲುವುದನ್ನು ಮಾತ್ರ ಯೋಚಿಸಿದ್ದೆ. ನನ್ನ ಮೇಲೆ ಇನ್ನೊಬ್ಬ ಕೈ ಹಾಕಬೇಕು, ಕಾಲು ಹಾಕಬೇಕು, ಅವನಿಗೂ ದೇವರ ಭಯ ಇರುತ್ತದೆ ಅನ್ನುವುದು ತಲೆಗೆ ಹೋಗಿರಲಿಲ್ಲ.

ಮಟ್ಟಿಗೆ ಅಂಗಿ ಹಾಕಿಕೊಂಡು ಇಳಿಯುವ ಹಾಗಿಲ್ಲ. ಒಂದು ದಿನ ಬೆನ್ನಿಗೆ ಮಟ್ಟಿಯ ಮಣ್ಣನ್ನೇ ದಪ್ಪಗೆ ಕಲಸಿ ಬಳಿದುಕೊಂಡು ಹೋದೆ, ಕಾಣದಿದ್ದರೆ ಸಾಕಲ್ಲ ಅಂತ. ಬೆವರಿಗೆ ಕರಗಿತು. ಮೊದಲು ಕಣ್ಣು ಕಾಣಿಸಿತಂತೆ. ಚನ್ನಪಟ್ಟಣದವನು ಅರ್ಧ ಪಟ್ಟಿನಲ್ಲಿ ನನ್ನನ್ನು ಬಿಟ್ಟು ಹಿಂದೆ ಸರಿದ. "ಮಣ್ಣೊಳಗಿಂದ ನೋಡ್ತಾ ಇತ್ತು ಮಾರಾಯ," ಅಂದ. ಉಸ್ತಾದರು ಆವತ್ತು ನಿಜವಾಗಿ ಬೈದರು. ದೇವರ ಮುಖಕ್ಕೆ ಮಣ್ಣು ಬಳಿದೆಯಲ್ಲೋ ಅಂತ.

ಉಸ್ತಾದರು ಮಾತು ಕೊಟ್ಟುಬಿಟ್ಟಿದ್ದರು, ಅಭ್ಯಾಸ ಇಲ್ಲದೆಯೇ ಮಾಗಡಿಗೆ ಹೋದೆ. ಮರದ ದಿಮ್ಮಿ ಹೊತ್ತು ಓಡುತ್ತಿದ್ದೆ, ಹಗ್ಗ ಹತ್ತುತ್ತಿದ್ದೆ, ಅಷ್ಟರಲ್ಲೇ ಗೆಲ್ಲುತ್ತೇನೆ ಅನ್ನುವ ಧೈರ್ಯ. ಸ್ಕೂಲ್ ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಪಂದ್ಯಕ್ಕೆ ವಾರ ಮುಂಚೆಯೇ ಜೋಡಿ ಕಟ್ಟುತ್ತಾರೆ, ಆಗ ಇಬ್ಬರೂ ಅಂಗಿ ಬಿಚ್ಚಿ ಹಿರಿಯರ ಮುಂದೆ ನಿಲ್ಲಬೇಕು. ಅವರು ಮೈಕಟ್ಟು ನೋಡುತ್ತಾರೆ, ಮುಂದೆ ನೋಡುತ್ತಾರೆ, ಹಿಂದೆ ನೋಡುತ್ತಾರೆ. ಒಪ್ಪಿದರೆ ಪೈಲ್ವಾನರಿಬ್ಬರೂ ಜನರ ಮುಂದೆ ಕೈ ಕೊಡಬೇಕು. ಕೈ ಕೊಟ್ಟ ಮೇಲೆ ಹಿಂದೆ ಹೋಗುವ ಹಾಗಿಲ್ಲ.

ನನಗೆ ಜೋಡಿಯಾಗಿ ನೋಡಿದ್ದವನು ಕನಕಪುರದ ಆಚೆ ಉಯ್ಯಂಬಳ್ಳಿ ಕಡೆಯವನು. ಕುರಿ ಮೇಯಿಸುವ ಮನೆಯವನು, ಉದ್ದ ಕೈ, ಒಳ್ಳೇ ಮೈ. ನಾನು ಜನಕ್ಕೆ ಎದೆ ತೋರಿಸಿಕೊಂಡು ನಿಂತೆ. ಅವನ ಕಡೆ ಕೈ ಚಾಚಿದೆ. ಅವನೂ ಚಾಚಿದ. ಬೆರಳು ತಾಗುವಷ್ಟರಲ್ಲಿ ಹಿಂದೆ ಕೂತಿದ್ದವರು ಹೋ ಅಂದರು. ಒಬ್ಬ ಹಿರಿಯ ನನ್ನ ಭುಜ ಹಿಡಿದು ತಿರುಗಿಸಿದ. ಉಯ್ಯಂಬಳ್ಳಿಯವನು ನನ್ನ ಬೆನ್ನು ನೋಡಿದ. ಚಾಚಿದ್ದ ಕೈ ಹಿಂದಕ್ಕೆ ತಗೊಂಡು, ಎರಡೂ ಕೈ ಸೇರಿಸಿ ಮುಗಿದ.

"ತಪ್ಪು ತಿಳ್ಕಬ್ಯಾಡ ಕಣಣ್ಣ," ಅಂದ. "ನಿನ್ ಮ್ಯಾಲೆ ಆಡ್ಬೌದು. ಇವ್ನ ಮ್ಯಾಲೆ ಆಡಕ್ಕೆ ನಂಗೆ ಧೈರ್ಯ ಇಲ್ಲ."

ಜನ ಚಪ್ಪಾಳೆ ಹೊಡೆದರು, ಅವನ ಭಕ್ತಿಗೆ. ಅವನು ಆಡದೆಯೇ ಗೆದ್ದ. ಆ ಹಿರಿಯ ನನ್ನ ಭುಜ ಬಿಡದೆ ಎಲ್ಲರಿಗೂ ಕೇಳುವ ಹಾಗೆ ಹೇಳಿದ. "ಇದು ಮೋಸ ಕಣಯ್ಯ. ದೇವ್ರನ್ನ ಗುರಾಣಿ ಮಾಡ್ಕಂಡು ಬಂದವ್ನೆ. ಗಂಡಸಾಗಿದ್ರೆ ಬರೀ ಬೆನ್ನಲ್ಲಿ ಬರ್ಬೇಕಿತ್ತು."

ಉಸ್ತಾದರು ತಲೆ ತಗ್ಗಿಸಿ ನಿಂತಿದ್ದರು. ಅವರ ಮಾತಿಗೆ ಬೆಲೆ ಕೊಟ್ಟು ಮಾಗಡಿಯವರು ನನ್ನನ್ನು ಕರೆದಿದ್ದರು. ವಾಪಸ್ ಬರುವಾಗ ಬಸ್ಸಿನಲ್ಲಿ ಪಕ್ಕದಲ್ಲೇ ಕೂತರು, ಕಿಟಕಿಯ ಕಡೆ ನೋಡಿಕೊಂಡು ಬಂದರು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಬಿಡದಿಯ ಹತ್ತಿರ ಒಂದು ಕ್ಲಾಸಿಗೆ ಸೇರಿದೆ. ಶೀಟ್ ಹಾಕಿದ ಗೋಡೌನು, ಕೆಳಗೆ ಮ್ಯಾಟು, ಸ್ಪೀಕರ್‌ನಲ್ಲಿ ಹಾಡು. ಒದೆಯುವುದು, ಗುದ್ದುವುದು, ಹಿಡಿಯುವುದು ಎಲ್ಲ ಸೇರಿಸಿ ಕಲಿಸುತ್ತಿದ್ದರು. ಅಲ್ಲಿ ಮೈಗೆ ಅಂಟುವ ಟೀ ಶರ್ಟ್ ಹಾಕಿಕೊಂಡು ಆಡಬಹುದು. ಬೆನ್ನು ಯಾರಿಗೂ ಕಾಣುವುದಿಲ್ಲ. ಕೋಚ್ ನನ್ನದೇ ವಯಸ್ಸಿನವನು. ಹಚ್ಚೆ ನೋಡಿ ಸೂಪರ್ ಬಾಸ್ ಅಂದ, ಫೋಟೊ ತೆಗೆದು ಕ್ಲಾಸಿನ ಪೇಜಿಗೆ ಹಾಕಿದ. ಅಲ್ಲಿನ ಅರ್ಧ ಜನಕ್ಕೆ ಹಚ್ಚೆ ಇತ್ತು. ಮೊದಲ ವಾರ ನನ್ನನ್ನು ಯಾರಿಗೂ ನಿಂತು ಹಿಡಿಯಲು ಆಗಲಿಲ್ಲ. ಎತ್ತಿ ಎತ್ತಿ ಒಗೆದೆ. ಇಲ್ಲಿ ದಾರಿ ಇದೆ ಅಂದುಕೊಂಡೆ.

ದಾರಿ ಇರಲಿಲ್ಲ. ಅವರ ಆಟದಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಸೋಲಲ್ಲ. ಅಂಗಾತ ಮಲಗಿಯೇ ಕಾಲಲ್ಲಿ ಎದುರಿನವನನ್ನು ಕಟ್ಟಿಹಾಕುತ್ತಾರೆ. ಬೋರಲಾಗಿ ಬೆನ್ನು ತೋರಿಸುವುದೇ ದೊಡ್ಡ ತಪ್ಪು, ಹಿಂದಿನಿಂದ ಬಂದು ಕತ್ತಿಗೆ ಕೈ ಹಾಕಿ ಹಿಸುಕಿಬಿಡುತ್ತಾರೆ. ಗರಡಿಯಲ್ಲಿ ಉಲ್ಟಾ. ಕಷ್ಟ ಬಂದರೆ ಬೋರಲು ಬಿದ್ದು ನೆಲ ಕಚ್ಚಿಕೋ, ಪ್ರಾಣ ಹೋದರೂ ಅಂಗಾತ ಆಗಬೇಡ. ನನ್ನ ಮೈ ಅದನ್ನೇ ಕಲಿತಿತ್ತು. ಅದರ ಮೇಲೆ ಬೆನ್ನಿನ ಮೇಲೆ ಅವನು. ಬಿದ್ದ ತಕ್ಷಣ ನಾನು ಕೇಳದೆಯೇ ಮೈ ಬೋರಲು ತಿರುಗುತ್ತಿತ್ತು. ಕತ್ತಿಗೆ ಕೈ ಬರುತ್ತಿತ್ತು.

"ಬೆನ್ನು ಕೊಡ್ಬೇಡ ಅಂತ ಎಷ್ಟು ಸಲ ಹೇಳ್ಲಿ ಬ್ರೋ? ಮಲಿಕೋ. ಆರಾಮಾಗಿ ಮಲಿಕೋ. ಮ್ಯಾಟ್ ಅದು, ಮಣ್ಣಲ್ಲ."

"ಆಗ್ತಿಲ್ಲ ಸಾರ್."

"ಯಾಕ್ ಆಗಲ್ಲ? ಮನೇಲಿ ಎಂಗ್ ಮಲಗ್ತೀಯ?"

"ಬೋರಲು."

ಅವನು ನನ್ನ ಮುಖ ನೋಡಿ ಬೇರೆಯವರ ಕಡೆ ಹೋದ. ಕನಕಪುರದಲ್ಲಿ ಒಂದು ಛತ್ರದಲ್ಲಿ ಸಣ್ಣ ಟೂರ್ನಮೆಂಟ್ ಇತ್ತು, ಅದಕ್ಕೆ ಕರೆದುಕೊಂಡು ಹೋದ. ನನ್ನ ಎದುರಾಳಿ ಸಣಕಲ, ನನ್ನ ಮಾರ್ಕೆಟ್ ಚೀಲದಷ್ಟೂ ತೂಕ ಇರಲಿಲ್ಲ ಅನ್ನಿಸಿತು. ಎತ್ತಿ ಬೀಳಿಸಿದೆ. ಅವನು ಬಿದ್ದವನು ಕೆಳಗಿನಿಂದಲೇ ಕಾಲು ಸುತ್ತಿ ನನ್ನನ್ನು ಮಗುಚಿದ. ನಾನು ಬೋರಲು ತಿರುಗಿದೆ. ಅಷ್ಟೇ ಗೊತ್ತು. ಕಣ್ಣು ಬಿಟ್ಟಾಗ ಕೋಚ್ ನನ್ನ ಕಾಲು ಎತ್ತಿ ಹಿಡಿದಿದ್ದ. ಅಂಗಾತ ಮಲಗಿಸಿದ್ದರು. ನನಗೆ ಮೊದಲು ಬಂದ ಯೋಚನೆ ಬೆನ್ನು ನೆಲಕ್ಕೆ ತಾಗಿದೆ ಅಂತ. ಎದ್ದು ಕೂರಲು ಹೋಗಿ ಮತ್ತೆ ಬಿದ್ದೆ.

"ನೀನು ಒಳ್ಳೇ ಫೈಟರ್ ಬ್ರೋ," ಅಂದ ಕೋಚ್, "ಬ್ಯಾಡ ಬುಡು ಇದು ನಿಂಗೆ. ಕತ್ತು ಮುರ್ಕೊಂತೀಯ."

ಉಳಿದದ್ದು ಅಳಿಸುವುದು. ಹಚ್ಚೆಯವನ ಹತ್ತಿರ ಹೋದೆ. ಹಳೇ ಹಚ್ಚೆಯ ಮೇಲೆ ಹೊಸದು ಹಾಕಿ ಮುಚ್ಚುತ್ತಾರೆ, ಹುಡುಗಿ ಹೆಸರು ಇದ್ದವರಿಗೆಲ್ಲ ಅವನೇ ಮುಚ್ಚಿಕೊಟ್ಟಿದ್ದಾನೆ. ಡ್ರ್ಯಾಗನ್ ಹಾಕು, ಚಿರತೆ ಹಾಕು, ಏನಾದರೂ ಹಾಕು ಅಂದೆ.

"ಹುಡ್ಗಿ ಹೆಸ್ರಾದ್ರೆ ಹತ್ತು ಮುಚ್ತೀನಿ," ಅಂದ. "ಇವ್ನ ಮ್ಯಾಲೆ ಸೂಜಿ ಇಡಲ್ಲ. ನಂಗೂ ಮಕ್ಕಳವ್ರೆ."

"ನೀನೇ ಅಲ್ವಾ ಚುಚ್ಚಿದ್ದು?"

"ಚುಚ್ಚಿದ್ದು ದೇವ್ರನ್ನ ತರಕ್ಕೆ. ಕಳ್ಸಕ್ಕಲ್ಲ."

ಬೆಂಗಳೂರಿನಲ್ಲಿ ಲೇಸರ್ ಹಾಕುವ ಡಾಕ್ಟರ ಹತ್ತಿರ ಹೋದೆ. ಅವರು ಬೆನ್ನು ನೋಡಿ, ಇಷ್ಟು ದೊಡ್ಡದು ಪೂರ್ತಿ ಹೋಗುವುದು ಕಷ್ಟ ಅಂದರು. ಬಣ್ಣ ತಿಳಿಯಾಗುತ್ತದೆ, ಕೆಲವು ಕಡೆ ಬಿಳಿ ಕಲೆ ಉಳಿಯಬಹುದು, ಆಕಾರ ಗೊತ್ತಾಗುತ್ತಲೇ ಇರುತ್ತದೆ. ವರ್ಷಗಟ್ಟಲೆ ಬರಬೇಕು. ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ರಾಗಿ ಕೇರುತ್ತಿದ್ದಳು, ಮೊರ ಕೆಳಗಿಟ್ಟಳು.

"ಅರ್ಧ ಅಳಿಸಿದ್ರೆ ಭಿನ್ನ ಆಯ್ತದಲ್ವಾ?"

"ಆಗ್ಲಿ ಬುಡವ್ವ."

"ಭಿನ್ನ ಆದ ದೇವ್ರನ್ನ ಮನೇಲಿ ಮಡಗಬಾರ್ದು ಕಣಪ್ಪ. ಹೊಳೆಗೆ ಬುಡ್ತಾರೆ. ನಿನ್ನ ಯಾವ ಹೊಳೆಗೆ ಬುಡ್ಲಿ ನಾನು?"

ಅವಳು ತಮಾಷೆಗೆ ಹೇಳಲಿಲ್ಲ. ನಾನು ಆ ಡಾಕ್ಟರ ಹತ್ತಿರ ಮತ್ತೆ ಹೋಗಲಿಲ್ಲ.

ಈಗ ಬೆಳಿಗ್ಗೆ ಮಾರ್ಕೆಟ್‌ಗೆ ಹೋಗುತ್ತೇನೆ. ಬೆನ್ನ ಮೇಲೆ ಚೀಲ ಹೊರುತ್ತೇನೆ. ಅದಕ್ಕೆ ಯಾರದೂ ತಕರಾರಿಲ್ಲ, ಅವನು ಬೆಟ್ಟವನ್ನೇ ಹೊತ್ತವನಲ್ವಾ ಅನ್ನುತ್ತಾರೆ. ಶನಿವಾರ ಮಾತ್ರ ಗರಡಿಗೆ ಹೋಗುತ್ತೇನೆ. ಹೋಗದೆ ಇರಲು ಆಗಲಿಲ್ಲ. ಆಡುವುದಿಲ್ಲ. ಗುದ್ದಲಿ ತಗೊಂಡು ಮಟ್ಟಿಯ ಮಣ್ಣು ಅಗೆದು, ಕಲ್ಲು ಆರಿಸಿ, ಎಣ್ಣೆ ಹಾಕಿ ತುಳಿದು ಕೊಡುತ್ತೇನೆ. ಮೈ ಬೆವರುತ್ತದೆ, ಅಂಗಿ ಬಿಚ್ಚಿರುತ್ತೇನೆ.

ಅಲ್ಲಿ ಒಂದು ಹೊಸದು ಶುರುವಾಗಿದೆ. ಯಾರು ಶುರು ಮಾಡಿದರೋ ಗೊತ್ತಿಲ್ಲ. ಮಟ್ಟಿಗೆ ಇಳಿಯುವ ಮುಂಚೆ ಒಬ್ಬೊಬ್ಬರಾಗಿ ನನ್ನ ಹಿಂದೆ ಬಂದು, ಬೆನ್ನು ಮುಟ್ಟಿ, ಕಣ್ಣಿಗೆ ಒತ್ತಿಕೊಂಡು ಹೋಗುತ್ತಾರೆ. ಪಂದ್ಯಕ್ಕೆ ಹೋಗುವವರು ಬೇಕೆಂದೇ ಬಂದು ಮುಟ್ಟುತ್ತಾರೆ. ಮುಟ್ಟಿ ಹೋದವನೊಬ್ಬ ಗೆದ್ದು ಬಂದನಂತೆ, ಆಮೇಲೆ ಜಾಸ್ತಿಯಾಯಿತು. ನನ್ನ ಜೊತೆ ಕೈ ಮಿಲಾಯಿಸುತ್ತಿದ್ದವರು ಈಗ ನನ್ನ ಮುಖ ನೋಡುವುದಿಲ್ಲ. ಹಿಂದಿನಿಂದ ಬಂದು ಹಿಂದಿನಿಂದಲೇ ಹೋಗುತ್ತಾರೆ. ಉಸ್ತಾದರಿಗೆ ಹೇಳಿದೆ, ಬೇಡ ಅನ್ನಿ ಅವರಿಗೆ ಅಂತ.

"ಕೈ ಮುಗಿಯೋರ್ನ ಬ್ಯಾಡ ಅನ್ನಾಕಾಯ್ತದೇನ್ಲಾ?" ಅಂದರು. "ಒಸಿ ಹೊತ್ತು ಆ ಗೋಡೆ ಕಡೆ ತಿರಿಕ್ಕಂಡು ನಿಂತ್ಕೊ. ಬೇಗ ಮುಗಿತದೆ."

ಹೋದ ಶನಿವಾರ ಹಂಗೇ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದೆ. ಬೆರಳು ತಾಗುವುದು ಗೊತ್ತಾಗುತ್ತದೆ, ಯಾರದು ಅಂತ ಗೊತ್ತಾಗುವುದಿಲ್ಲ. ಎಲ್ಲ ಮುಗಿದ ಮೇಲೆ ಒಬ್ಬ ಮುಂದಿನಿಂದ ಬಂದು ಎದುರಿಗೆ ನಿಂತ. ಚನ್ನಪಟ್ಟಣದವನು. ಅವನು ಬೆನ್ನು ಮುಟ್ಟುವವನಲ್ಲ. ನನ್ನ ಹೊಟ್ಟೆಗೆ ಬೆರಳು ಚುಚ್ಚಿದ.

"ಹೊಟ್ಟೆ ಬುಟ್ಬುಟ್ಟಿದೀಯಲ್ಲೋ."

"ನೀನು ಬಂದು ಕರಗಿಸು."

ಅವನು ನಗುತ್ತಾನೆ ಅಂದುಕೊಂಡೆ. ನೆಲ ನೋಡಿದ. "ಈ ಸಲ ಮಾಗಡೀಲಿ ಜೋಡಿ ಆಗೈತೆ ನಂಗೆ," ಅಂದ. "ಉಯ್ಯಂಬಳ್ಳಿಯವನ ಮ್ಯಾಲೆ. ನಿಂಗೆ ನಾನೇ ಯೋಳ್ಬೇಕು ಅಂತ ಇದ್ದೆ."

"ಉದ್ದ ಕೈ ಅವನ್ದು. ಕತ್ತು ಹಿಡಿಯಕ್ಕೆ ಬುಡಬ್ಯಾಡ, ಕಾಲಿಗೆ ಹೋಗು."

"ಕಾಲಿಗೆ ಹೋಗೋದು ನಿನ್ನಂಗೆ ನಂಗೆ ಬರಕಿಲ್ಲ. ತೋರ್ಸು ಬಾ."

ಇಬ್ಬರೂ ಮಟ್ಟಿ ಕಡೆ ನೋಡಿದೆವು. ಮಣ್ಣು ಹದವಾಗಿತ್ತು, ನಾನೇ ತುಳಿದದ್ದು. ಅವನು ಬಾ ಅಂದದ್ದು ಬಾಯಿ ತಪ್ಪಿ ಅಂತ ಅವನ ಮುಖದಲ್ಲಿ ಕಾಣುತ್ತಿತ್ತು. ನಾನು ಕಟ್ಟೆಯ ಮೇಲೆ ನಿಂತು ಕೈಯಲ್ಲಿ ಗಾಳಿಯಲ್ಲೇ ತೋರಿಸಿದೆ, ಎಲ್ಲಿ ಹಿಡಿಯಬೇಕು, ಯಾವ ಕಡೆ ಎಳೆಯಬೇಕು ಅಂತ. ಗಾಳಿಯಲ್ಲಿ ತೋರಿಸಿದರೆ ಕುಸ್ತಿ ಬರುವುದಿಲ್ಲ. ಅವನು ಹೂಂ ಹೂಂ ಅಂದ. ಆಮೇಲೆ ಇಳಿದು ಇನ್ನೊಬ್ಬನ ಕತ್ತು ಹಿಡಿದ.

ನಾನು ಗುದ್ದಲಿ ತೊಳೆದಿಟ್ಟೆ. ಅಂಗಿ ಹಾಕಿಕೊಂಡು ಕೈಲಾಂಚದ ಬಸ್ಸಿಗೆ ಹೋದೆ.